ಹೊಂಗೆಯ ಬುಡಕ್ಕೆ ಗಂಜಿನೂಲು

ನೇಕಾರರ ಊರಾದ ನೆಗಮದ ನಮ್ಮ ಬೀದಿಯಲ್ಲಿ ಪಾವು ಹಾಸುವುದಕ್ಕೆ ನೆರಳು ಬೇಕು. ಪಾವು ಎಂದರೆ ಸೀರೆಯ ಉದ್ದ ಎಳೆಗಳು; ಅವನ್ನು ಬೀದಿಯುದ್ದಕ್ಕೂ ಕಟ್ಟಿ, ಗಂಜಿ ಸವರಿ, ಬಾಚಿ ಒಣಗಿಸುತ್ತೇವೆ. ಬಿಸಿಲು ಬಿದ್ದರೆ ಗಂಜಿ ಬೇಗ ಬಿಗಿದು ಎಳೆ ಪಟಪಟನೆ ಹರಿಯುತ್ತದೆ. ರಸ್ತೆ ಅಗಲ ಮಾಡಿದಾಗ ಹಳೆಯ ಬೇವಿನ ಮರಗಳೆಲ್ಲ ಹೋದವು. ಆಮೇಲೆ ಒಂದೊಂದೇ ಮನೆಯ ಮಗ್ಗವೂ ನಿಂತಿತು. ಈಗ ಉಳಿದಿರುವುದು ನಾಲ್ಕು.

ನನ್ನ ಸೊಸೆ ಕಲಾ ಪಂಚಾಯತಿಗೆ ಅಲೆದು ಅಲೆದು ಮೂರು ಹೊಂಗೆ ಸಸಿ ತಂದು ನೆಟ್ಟಳು.

"ಇನ್ನು ಕೇಳಕ್ಕೆ ಬರಬೇಡಮ್ಮಾ ಅಂದ್ಬಿಟ್ರು ಮಾಮಾ. ನಾಲ್ಕು ವರ್ಷ ಹೆಂಗೋ ತಳ್ಳಿದ್ರೆ ನೆರಳು ಬತ್ತದೆ. ಇವೂ ಹೋದ್ರೆ ಮಗ್ಗ ಬಿಟ್ಟು ಮಿಲ್ಲಿಗೇ ಹೋಗ್ತೀನಿ. ನೀವೇ ನೋಡ್ಕೊಳ್ಳಿ."

ಮಳೆ ಬಿದ್ದದ್ದೇ ತಡ, ಸಸಿಗಿಂತ ಕಳೆ ಮುಂಚೆ ಎದ್ದಿತು. ಎಳೆ ಸಸಿಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಗುದ್ದಲಿ ಹಾಕಿದರೆ ಅದೂ ಕತ್ತರಿಸಿಹೋಗುತ್ತದೆ. ಎದುರು ಮನೆಯ ಕುಮರೇಶನ್ ಔಷಧಿ ಹೊಡೆಯೋಣ ಎಂದ. ಸಸಿಗೂ ತಾಗುತ್ತದೆ, ಬೇಡ ಎಂದೆ. ಕುಕ್ಕರುಗಾಲಲ್ಲಿ ಕೂತು ಕೈಯಲ್ಲೇ ಕಿತ್ತೆ. ಎಂಟು ದಿನಕ್ಕೆ ಮತ್ತೆ ಬಂತು. ಮತ್ತೆ ಕಿತ್ತೆ. ಮಂಡಿ ಕೇಳಲಿಲ್ಲ.

ಮನೆಯಲ್ಲಿ ಕಸನೂಲಿನ ಮೂಟೆಯಿತ್ತು. ಪಾವು ಮುಗಿದ ಮೇಲೆ ಕತ್ತರಿಸಿ ಎಸೆಯುವ ಗಂಜಿನೂಲು. ಅದನ್ನು ಬುಡದ ಸುತ್ತ ಮೊಳದಗಲ ದಪ್ಪಗೆ ಹಾಸಿದೆ. ಬಿಸಿಲು ಕಾಣದಿದ್ದರೆ ಕಳೆ ಏಳುವುದಿಲ್ಲ. ಎಳೆಯದಲ್ಲವೇ, ತಂಪಾಗಿರಲಿ ಎಂದು ಕಾಂಡಕ್ಕೂ ಗೇಣೆತ್ತರ ಒತ್ತಿ ಸುತ್ತಿದೆ.

ಕುಮರೇಶನ್ ನಿಂತು ನೋಡಿ ನಕ್ಕ. "ಏನಣ್ಣಾ, ಸಸಿಗೂ ಸೀರೆ ಉಡಿಸ್ಬಿಟ್ರಾ? ಸೆರಗೆಲ್ಲಿ?"

"ನಿನ್ನ ಮಗ್ಗದಲ್ಲಿ ನೇಯಿ, ಹೊದಿಸ್ತೀನಿ," ಎಂದೆ.

ಎರಡು ತಿಂಗಳು ಒಂದು ಹುಲ್ಲೂ ಏಳಲಿಲ್ಲ. ಹೋಗಿ ಬರುವವರಿಗೆಲ್ಲ ಕಲಾ ತೋರಿಸುತ್ತಿದ್ದಳು. ನನಗೂ ಹಿಗ್ಗು.

ಆಮೇಲೆ ಮೊದಲ ಸಸಿ ಎಲೆ ಬಾಡಿಸಿತು. ನೀರು ಸಾಲದೆಂದು ಎರಡು ಕೊಡ ಹೆಚ್ಚು ಹಾಕಿದೆವು. ವಾರದಲ್ಲಿ ಎರಡನೆಯದೂ ತಲೆ ಬಗ್ಗಿಸಿತು. ಆಗ ಮೂರರ ನೂಲನ್ನೂ ಬಿಡಿಸಿ ನೋಡಿದೆ. ಒಳಗೆಲ್ಲ ಕೆಮ್ಮಣ್ಣಿನ ಹುತ್ತ, ಬೆಳ್ಳಗೆ ಹರಿದಾಡುವ ಗೆದ್ದಲು. ಗಂಜಿ ತಿಂದು ಮುಗಿಸಿ ಕಾಂಡಕ್ಕೆ ಹತ್ತಿದ್ದವು. ಗಂಜಿ ಹಾಕಿದ ನೂಲನ್ನು ನೆಲದ ಮೇಲಿಡಬೇಡ, ಗೆದ್ದಲು ಬರುತ್ತದೆ ಎಂದು ಕಲಾಗೆ, ಅವಳು ಮದುವೆಯಾಗಿ ಬಂದ ವರ್ಷ, ಹೇಳಿಕೊಟ್ಟವನೇ ನಾನು.

ಕುಮರೇಶನ್ ಈ ಸಲ ನಗಲಿಲ್ಲ. ಮನೆಗೆ ಓಡಿ ಬೇವಿನೆಣ್ಣೆ ತಂದ. ಕಲಾ ಮೂರನೆಯ ಸಸಿಯ ಬುಡ ಕೆರೆದು, ಸಗಣಿ ಮಣ್ಣು ಕಲಸಿ ಮೆತ್ತತೊಡಗಿದಳು.

"ಇದ್ರ ಎಲೆ ಹಸುರಾಗೇ ಐತಲ್ಲ ಮಾಮಾ. ಇದು ಉಳ್ಕೊಳ್ತದೆ. ಅಲ್ವಾ?"

ಅವಳು ಮೆತ್ತುವ ಮೊದಲೇ ನಾನು ಬುಡದ ಸುತ್ತ ಬೆರಳಾಡಿಸಿದ್ದೆ. ಸುತ್ತಲೂ ಒಂದು ಬೆರಳಗಲದ ತೊಗಟೆಯೂ ಉಳಿದಿರಲಿಲ್ಲ. ಎಲೆಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ, ಅಷ್ಟೇ.

"ಉಳಿಯಲ್ಲ ಕಲಾ," ಎಂದೆ.

ಅವಳು ಕೈ ನಿಲ್ಲಿಸಲಿಲ್ಲ. ಮೆತ್ತಿ ಮುಗಿಸಿ, ಒಂದು ಕೊಡ ನೀರು ಹಾಕಿ, ಕೈ ತೊಳೆದುಕೊಂಡಳು.

"ನಾಳೆ ಮಿಲ್ಲಿಗೆ ಹೋಗೋ ಶಿವಗಾಮಿಯಕ್ಕನ ಜತೆ ಹೋಗಿ ಕೆಲ್ಸ ಕೇಳ್ಕೊಂಡು ಬರ್ತೀನಿ."

"ಪಂಚಾಯತಿಗೆ ನಾನು ಹೋಗ್ಲಾ?"

"ಹೋಗಿ ಏನಂತ ಹೇಳ್ತೀರಿ ಮಾಮಾ?"

ನಾನು ಬುಡದ ಸುತ್ತ ಬಿದ್ದಿದ್ದ ಗಂಜಿನೂಲನ್ನು ಬಾಚಿ ಗುಡ್ಡೆ ಹಾಕತೊಡಗಿದೆ.