ಮಾವನ ಮುನಿಸಿಗೆ ಇಪ್ಪತ್ತೈದು ನಿಮಿಷ

ಅಕ್ಕ ಅಮೃತಾಳ ಮದುವೆಯ ಮುಹೂರ್ತ ಹನ್ನೊಂದು ಇಪ್ಪತ್ತಕ್ಕೆ. ಅದು ತಪ್ಪಿದರೆ ಆ ದಿನ ಬೇರೆ ಮುಹೂರ್ತವಿರಲಿಲ್ಲ. ಜೊತೆಗೆ ನನ್ನ ಎಂ.ಎಸ್ಸಿ. ಪ್ರಾಜೆಕ್ಟೂ ಮುಳುಗುತ್ತಿತ್ತು; ಈ ಮದುವೆಯ ವೇಳಾಪಟ್ಟಿಯೇ ನನ್ನ ಪ್ರಾಜೆಕ್ಟು. ನಾನು ಓದುತ್ತಿರುವುದು ಆಪರೇಷನ್ಸ್ ರಿಸರ್ಚ್. ಯಾವ ಕೆಲಸ ಯಾವುದರ ನಂತರ, ಎಷ್ಟು ಹೊತ್ತು, ಯಾವುದು ತಡವಾದರೆ ಎಲ್ಲವೂ ತಡ ಎಂದು ಮೊದಲೇ ಕಂಡುಕೊಳ್ಳುವ ವಿದ್ಯೆ. ಹೆಚ್ಚು ಮಾತು ಬೇಕಿಲ್ಲವೆಂದೇ ಅದನ್ನು ಆರಿಸಿಕೊಂಡಿದ್ದೆ.

ಗಡಿಯೂರು ಬಾವಲಿಯಲ್ಲಿ ನಮ್ಮ ಮನೆಯ ಉಗ್ರಾಣದ ಬಾಗಿಲಿಗೆ ಚಾರ್ಟ್ ಅಂಟಿಸಿದೆ. ಇಪ್ಪತ್ತೇಳು ಕೆಲಸಗಳು, ಎಲ್ಲವೂ ಮಲಯಾಳದಲ್ಲಿ. ಇಲ್ಲಿ ನಾವೆಲ್ಲ ಶಾಲೆಯಲ್ಲಿ ಕಲಿತದ್ದು ಅದನ್ನೇ. ಒಂದು ಸಾಲನ್ನು ಮಾತ್ರ, ಯಾರೂ ಓದದಿರಲೆಂದು, ಅವ್ವ ಕಲಿಸಿದ ಕನ್ನಡದಲ್ಲಿ ಬರೆದೆ: 'ಮಾವನ ಮುನಿಸು, ೨೫ ನಿಮಿಷ.'

ಅವ್ವನ ಅಣ್ಣ ಶಿವಮಲ್ಲಪ್ಪ ಮಾವ ಮುನಿಸಿಕೊಳ್ಳದ ಮದುವೆ ನಮ್ಮಲ್ಲಿ ನಡೆದಿಲ್ಲ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ. ಅವರು ಏಳದೆ ಯಾವುದೂ ಮುಂದೆ ಹೋಗದು. ಹಿಂದಿನ ನಾಲ್ಕು ಮದುವೆಗಳ ಸರಾಸರಿ ತೆಗೆದಿದ್ದೆ.

ಮರೆತದ್ದು ಒಂದೇ. ಮಾವ ಓದಿದ್ದು ಗಡಿಯಾಚೆ, ಸರಗೂರಿನ ಕನ್ನಡ ಶಾಲೆಯಲ್ಲಿ. ಇಡೀ ಚಾರ್ಟಿನಲ್ಲಿ ಅವರು ಓದಬಲ್ಲ ಸಾಲು ಅದೊಂದೇ.

ಮದುವೆಯ ದಿನ ಹತ್ತೂವರೆಗೆ ಉಗ್ರಾಣದ ಬಾಗಿಲ ಮುಂದೆ ನಿಂತರು. "ಇದರಾಗೆ ಸಾಂಬಾರು ಯಾವ್ದೋ?"

ಅಡುಗೆಯ ಜಯನ್ ಬೆರಳಿಟ್ಟು, ಮಲಯಾಳ ಬೆರೆಸಿ ಹೇಳಿದ. "ಇದು ಚೇಟ್ಟಾ. ಒಂದು ಮಣಿಕ್ಕೂರ್."

"ಸಾಂಬಾರಿಗೆ ಒಂದು ಗಂಟೆ. ನಂಗೆ ಇಪ್ಪತ್ತೈದು ನಿಮಿಷ."

ಹೋಗಿ ತಮ್ಮ ಜೀಪಿನಲ್ಲಿ ಕುಳಿತು ಬಾಗಿಲೆಳೆದುಕೊಂಡರು. ಅವ್ವ ಬೇಡಿಕೊಂಡಳು. ಬೀಗರು ಕೈಮುಗಿದರು. ಪುರೋಹಿತರು ಕೈಗಡಿಯಾರ ತೋರಿಸಿದರು.

"ಸಾಂಬಾರನ್ನೇ ಹೆಣ್ಣು ಕರ್ಕೊಂಡು ಬರಾಕೆ ಹೇಳಿ," ಎಂದರು ಮಾವ.

ಹನ್ನೊಂದಕ್ಕೆ ನಾನೇ ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಏನೂ ಹೇಳಲಿಲ್ಲ. ಬರಲ್ಲ ಎನ್ನಬೇಕಾದರೆ ಯಾರಾದರೂ ಬಾ ಎನ್ನಬೇಕಲ್ಲ. ಮಾವ ಮೀಸೆ ನೀವಿದರು, ಕೆಮ್ಮಿದರು. ನಾನು ಎದುರಿನ ಕಾಫಿ ಗಿಡ ನೋಡುತ್ತಿದ್ದೆ.

"ನಿಮ್ಮವ್ವ ಕಳಿಸಿದ್ಳಾ?"

ಇಲ್ಲವೆಂದು ತಲೆಯಾಡಿಸಿದೆ.

"ಮತ್ಯಾಕೆ ಬಂದೆ?"

"ಇಲ್ಲಿ ಸದ್ದಿಲ್ಲ ಮಾವ."

ಇನ್ನೂ ಮೂರು ನಿಮಿಷ ಹೋಯಿತು.

"ಥೂ, ನಿನ್ ಜೊತೆ ನೆಟ್ಟಗೆ ಮುನಿಸ್ಕಳಾಕೂ ಆಗಲ್ಲ. ಆ ಹಾಳೆ ತಾ. ಪೆನ್ನೂ ತಾ."

ಕಿತ್ತು ತಂದುಕೊಟ್ಟೆ. ೨೫ ಹೊಡೆದುಹಾಕಿ, 'ಒಂದೂವರೆ ಗಂಟೆ' ಎಂದು ಬರೆದು ರುಜು ಹಾಕಿದರು. ಪಂಚೆ ಕೊಡವಿಕೊಂಡು ಇಳಿದಾಗ ಹನ್ನೊಂದು ಹತ್ತು. ಹನ್ನೊಂದು ಹದಿನೆಂಟಕ್ಕೆ ಅಕ್ಕ ಮಂಟಪದಲ್ಲಿದ್ದಳು.

ಕೋಳಿಕ್ಕೋಡಿನ ಕಾಲೇಜಿನಲ್ಲಿ, ಕನ್ನಡ ಬಾರದ ನನ್ನ ಪ್ರೊಫೆಸರ್ ಚಾರ್ಟನ್ನು ಬಹಳ ಹೊತ್ತು ನೋಡಿದರು. ಪ್ರತಿ ಸಾಲಿನ ಪಕ್ಕ ಅಂದಾಜಿನ ನಿಮಿಷ, ನಿಜಕ್ಕೂ ಹಿಡಿದ ನಿಮಿಷ ಎರಡನ್ನೂ ಅಂಕಿಯಲ್ಲಿ ಬರೆದಿದ್ದೆ. ಉಳಿದ ಇಪ್ಪತ್ತಾರು ಕೆಲಸಗಳೂ ಅಷ್ಟಿಷ್ಟು ತಡವಾಗಿದ್ದವು.

"ಈ ಕನ್ನಡದ್ದು ಮಾತ್ರ ತೊಂಬತ್ತು ನಿಮಿಷದ್ದು ನಲವತ್ತರಲ್ಲಿ ಮುಗಿದಿದೆ. ಮುಹೂರ್ತ ಉಳಿದದ್ದೇ ಇದರಿಂದ. ಯಾರು ಮಾಡಿದ್ದು?"

ರುಜು ತೋರಿಸಿದೆ.

"ಒಳ್ಳೆಯ ಕೆಲಸಗಾರ," ಎಂದು ಪಕ್ಕದಲ್ಲಿ ಬರೆದು ಪಾಸು ಮಾಡಿದರು.

ಸಂತೋಷಪಡಲೆಂದು ಮಾವನಿಗೆ ಫೋನಿನಲ್ಲಿ ತಿಳಿಸಿದೆ. ಆ ಕಡೆ ಜೀಪಿನ ಬಾಗಿಲೆಳೆದುಕೊಂಡ ಸದ್ದು ಕೇಳಿಸಿತು.

"ಕೆಲಸಗಾರ ಅಂದನಾ?" ಎಂದರು ಮಾವ.