ಇಬ್ಬರ ಹೆಸರಿನ ಬೋರ್ಡು

ಪೇಂಟರ್ ಇಸಾಕ ಏಣಿ ಇಳಿದು, ರಸ್ತೆಯ ಆಚೆ ಬದಿಗೆ ಸರಿದು ತನ್ನ ಕೆಲಸ ನೋಡಿದ. ತಪ್ಪು ಥಟ್ಟನೆ ಕಣ್ಣಿಗೆ ಬಿತ್ತು.

ಗಾಂಧಿ ಚೌಕದ ಹೊಸ ಜವಳಿ ಅಂಗಡಿಯ ಹಲಗೆಯ ಮೇಲೆ ಅಣ್ಣತಮ್ಮಂದಿರ ಹೆಸರು ಒಂದೇ ಸಾಲಿನಲ್ಲಿದ್ದವು. ತಮ್ಮ ಈರಪ್ಪ ಎತ್ತರವಾಗಿ, ದಪ್ಪವಾಗಿ ಮೆರೆಯುತ್ತಿದ್ದ. ಅಣ್ಣ ಶಿವಯೋಗೆಪ್ಪ ತುಂಬಿದ ಬಸ್ಸಿನಲ್ಲಿ ನಿಂತವನಂತೆ ಮುದುಡಿಕೊಂಡಿದ್ದ.

ಇಬ್ಬರಿಗೂ ಸಮ ಜಾಗ ಕೊಡು ಎಂದು ಶಿವಯೋಗೆಪ್ಪನೇ ಹೇಳಿದ್ದ. ಇಸಾಕ ಸುಣ್ಣದ ದಾರವನ್ನು ಹಲಗೆಯುದ್ದಕ್ಕೂ ಎಳೆದು, ಮಡಚಿ, ನಟ್ಟನಡುವೆ ಗುರುತು ಹಾಕಿದ್ದ. ಅಕ್ಷರ ಎಣಿಸಲೇ ಇಲ್ಲ. ಮೂರು ಅಕ್ಷರ, ಐದು ಅಕ್ಷರ ಎರಡೂ ಒಂದೇ ಅಗಲದಲ್ಲಿ ಕೂರಬೇಕೆಂದರೆ ಒಂದು ಉಬ್ಬಲೇಬೇಕು, ಇನ್ನೊಂದು ಸೊರಗಲೇಬೇಕು. ಊರಿಗೆಲ್ಲ ಬೋರ್ಡು ಬರೆದ ಮಹಾಶಯನಿಗೆ ಇಷ್ಟೂ ಹೊಳೆದಿರಲಿಲ್ಲ.

ಪೂಜೆಗೆ ಬಂದಿದ್ದ ತಿಕೋಟಾದ ಬೀಗರು ತಲೆಯೆತ್ತಿ ನೋಡಿ ಗಹಗಹಿಸಿದರು. "ಈರಪ್ಪಾ, ಬೋರ್ಡಿನ್ಯಾಗ ನೀನಽ ಅಣ್ಣ ಆಗೀಯಲ್ಲೋ!"

ನೆರೆದವರೆಲ್ಲ ನಕ್ಕರು. ಶಿವಯೋಗೆಪ್ಪ ನಗಲಿಲ್ಲ.

"ಇಸಾಕ, ಇದನ್ನ ಯಾರು ಹೇಳಿ ಬರಿಸ್ಯಾರ?"

"ಯಾರೂ ಹೇಳಿಲ್ರಿ ಸಾವಕಾರ್ರ. ನನ್ನ ಅಳತಿ ತಪ್ಪೈತ್ರಿ. ಬಣ್ಣ ಇನ್ನೂ ಹಸಿ ಐತಿ, ಅಳಿಸಿ ಎಲ್ಲಾ ಅಕ್ಷರ ಒಂದಽ ಎತ್ತರಕ್ಕ ಬರೀತೇನ್ರಿ."

"ಹಂಗ ಬರದ್ರ ಅಣ್ಣನ ಹೆಸರಽ ಹಲಗಿ ನುಂಗತೈತಿ," ಎಂದ ಈರಪ್ಪ. "ನಾ ಮೂಲ್ಯಾಗ ಕುಂದರಬೇಕೇನು? ಇಷ್ಟು ದಿನ ಕುಂತದ್ದು ಸಾಲದೇನು?"

ಅಲ್ಲಿಗೆ ನಗು ನಿಂತಿತು. ತಂದೆ ಸತ್ತಾಗಿನಿಂದ ಆ ಮನೆಯಲ್ಲಿ ಪಾಲಿನ ಮಾತು ಒಳಗೊಳಗೇ ಕುದಿಯುತ್ತಿತ್ತು. ಜೋಡಿ ಹೆಸರಿನಲ್ಲಿ ಅಂಗಡಿ ಇಟ್ಟರೆ ಮಕ್ಕಳು ಒಂದಾಗಿ ಉಳಿದಾರೆಂದು ತಾಯಿ ಶಂಕ್ರೆವ್ವ ಪಟ್ಟು ಹಿಡಿದು ಇಲ್ಲಿಯತನಕ ತಂದಿದ್ದಳು. ಅವಳು ಆರತಿ ತಟ್ಟೆ ಕೆಳಗಿಟ್ಟು ಮಕ್ಕಳ ನಡುವೆ ಬಂದಳು.

"ಬಬಲೇಶ್ವರದಾಗ ನಮ್ಮ ಮಾವನ ಮಳಿಗಿ ಖಾಲಿ ಐತಿ," ಈರಪ್ಪ ಚಪ್ಪಲಿ ಮೆಟ್ಟಿದ. "ನನ್ನ ಪಾಲು ಒಗದುಬಿಡು, ಹೋಗ್ತೇನಿ."

"ಯಪ್ಪಾ, ಪೂಜಿ ಹೊತ್ತಿನ್ಯಾಗ..." ಶಂಕ್ರೆವ್ವ ಅವನ ತೋಳು ಹಿಡಿದಳು.

ಇಸಾಕನಿಗೆ ತನ್ನ ಮನೆ ನೆನಪಾಯಿತು. ಅವನೂ ಅವನಣ್ಣ ಮೆಹಬೂಬನೂ ಮಾತು ಬಿಟ್ಟದ್ದು ಇಂಥದೇ ಕ್ಷುಲ್ಲಕ ಕಾರಣಕ್ಕೆ. ತನ್ನ ದಾರದಿಂದ ಇನ್ನೊಂದು ಮನೆ ಒಡೆಯುವುದೇ?

"ಸಾವಕಾರ್ರ, ಕೈ ಮುಗಿತೇನ್ರಿ," ಎಂದ. "ಎತ್ತರಾನೂ ಸಮ, ಅಗಲಾನೂ ಸಮ ಬೇಕಂದ್ರ ಅಕ್ಷರಾನೂ ಅಷ್ಟಽ ಇರಬೇಕ್ರಿ. ಇಲ್ಲಾಂದ್ರ ಯಾವ ಪೇಂಟರ್ ಬಂದ್ರೂ ಆಗೂದಿಲ್ರಿ."

ಶಿವಯೋಗೆಪ್ಪ ಹಲಗೆ ನೋಡುತ್ತ ತನ್ನ ಹೆಸರಿನ ಅಕ್ಷರಗಳನ್ನು ಬೆರಳು ಮಡಚಿ ಎಣಿಸಿದ. ಅಜ್ಜನಿಂದ ಬಂದ ಹೆಸರದು; ಯಾರಾದರೂ ಮೊಟಕು ಮಾಡಿ ಕರೆದರೆ ಹಿಂದಿರುಗಿ ನೋಡದ ಆಸಾಮಿ.

"ಮೊದಲಿನ ಎರಡಕ್ಷರ ಅಳಸು. ಯೋಗೆಪ್ಪ ಅಂತ ಬರಿ."

ಬಣ್ಣ ಅಳಿಸಲು ಚಿಮಣಿ ಎಣ್ಣೆಯಲ್ಲಿ ಅದ್ದಿದ ಚಿಂದಿ ಇಸಾಕನ ಕೈಯಲ್ಲೇ ಇತ್ತು. ಕೈ ಮೇಲೇಳಲಿಲ್ಲ. ಆ ಎರಡಕ್ಷರ ದೇವರ ಹೆಸರು. ಊದುಬತ್ತಿ ಹಚ್ಚಿದ್ದಾರೆ, ಇಷ್ಟು ಜನ ನೋಡುತ್ತಿದ್ದಾರೆ. ಅಂಥ ಹೊತ್ತಿನಲ್ಲಿ ಇಸಾಕ ಅದನ್ನು ಅಳಿಸುವುದೇ?

"ನನ್ನ ಕೈಲೆ ಆಗೂದಿಲ್ರಿ."

"ಕೊಡಿಲ್ಲೆ." ಶಿವಯೋಗೆಪ್ಪ ಚಿಂದಿ ಕಸಿದುಕೊಂಡ. ಹೊಸ ಧೋತರ ಎತ್ತಿ ಕಟ್ಟಿ ಆ ಭಾರೀ ದೇಹ ಹೊತ್ತು ಏಣಿ ಹತ್ತತೊಡಗಿದ. ಏಣಿ ಕಿರುಗುಟ್ಟಿತು.

"ಶಿವ ಎಲ್ಲಿ ಹೋಗ್ತಾನ? ಅಕ್ಷರ ಹೋಗ್ತಾವ, ಅಷ್ಟಽ," ಎನ್ನುತ್ತ ಒರೆಸಿದ. ಕೆಂಪು ಬಣ್ಣ ಬಿಳಿ ಅಂಗಿಯ ತೋಳಿಗೆ ಇಳಿಯಿತು. ಎರಡನೆಯ ಅಕ್ಷರಕ್ಕೆ ಕೈ ಚಾಚಿದ್ದೇ ತಡ, ಏಣಿ ಒಂದು ಬದಿಗೆ ವಾಲಿತು. ಇಸಾಕ ಹಾರಿ ಮುಂದೆ ಬಂದ. ಅಷ್ಟರಲ್ಲಿ ಬೇರೆ ಯಾರೋ ಏಣಿಯ ಬುಡ ತಬ್ಬಿ ಹಿಡಿದಿದ್ದರು.

ಶಿವಯೋಗೆಪ್ಪ ಮೇಲಿನಿಂದ ಬಗ್ಗಿ ನೋಡಿದ.

"ಬಬಲೇಶ್ವರಕ್ಕ ಹೊಂಟಿದ್ದಿಯಲ್ಲ, ಹೋಗು."

"ಹೆಂಗ ಹೋಗ್ಲಿ?" ಈರಪ್ಪನ ದನಿ ಒಡೆದಿತ್ತು. "ಬಿಟ್ಟರ ನೀ ಬೀಳ್ತಿ."