ಬೇಬಿಯಕ್ಕನ ಶಾಲೆಯ ಹೆಸರು

ನಾನು ದೋಣಿಗೆ ಹೆಸರು ಬರೆದರೆ ಬಂಗುಡೆ ಮೀನುಗಳು ಸಾಲಾಗಿ ಮೇಲೆ ಬಂದು ಓದಿ, ಕಾಗುಣಿತ ಸರಿಯಿದೆಯೆಂದು ತಲೆಯಾಡಿಸಿ ಮುಳುಗುತ್ತವೆ. ನಂಬದವರು ಕಾಪುವಿನ ಕಡಲಿಗಿಳಿದು ವಿಚಾರಿಸಬಹುದು. ಇನ್ನು ಮನುಷ್ಯರ ವಿಷಯ ಹೇಳಬೇಕೆ? ಇಲ್ಲಿಂದ ಕಾರ್ಕಳದವರೆಗೆ ಯಾರನ್ನು ಏನೆಂದು ಕರೆದರೂ ಅವರ ಶಾಲೆಯ ಹೆಸರು, ಅಂದರೆ ದಾಖಲೆಯಲ್ಲಿರುವ ನಿಜ ಹೆಸರು, ನನ್ನ ಬ್ರಶ್ಶಿನ ತುದಿಯಲ್ಲಿರುತ್ತದೆ. ಮಟ್ಟುವಿನ ದಾಮು ದಾಮೋದರ, ಕುಕ್ಕುಂದೂರಿನ ಅಂತು ಅನಂತೇಶ. ಅವರ ಹೆಂಡತಿಯರು ಮರೆತದ್ದನ್ನೂ ನಾನು ನೆನಪಿಟ್ಟವನು.

ಹಾಗಾಗಿಯೇ ಬೇಬಿಯಕ್ಕನ ಮಗ ಜಿತೇಶ್ ತನ್ನ ಹೊಸ ದೋಣಿಯ ಕೆಲಸಕ್ಕೆ ನನಗೆ ಫೋನ್ ಮಾಡಿದ.

"ಚೆನ್ನಪ್ಪಣ್ಣ, ಅಮ್ಮನ ಹೆಸರು ಬರೀಬೇಕು. ಬೇಬಿ ಅಂತ ಅಲ್ಲ, ಶಾಲೆಯ ಹೆಸರು. ಅರುವತ್ತು ವರ್ಷದಿಂದ ಎಲ್ಲರಿಗೂ ಬೇಬಿಯೇ. ಒಮ್ಮೆಯಾದ್ರೂ ಅವರ ಹೆಸರನ್ನು ಊರು ಓದ್ಬೇಕು. ಅವರಿಗೆ ಈಗ ಹೇಳ್ಬೇಡಿ. ಹೆಸರು ಗೊತ್ತುಂಟಲ್ವಾ?"

"ನನಗೆ ಗೊತ್ತಿಲ್ಲದ ಹೆಸರು ಉಂಟಾ ಮಾರಾಯ!"

ಬೇಬಿಯಕ್ಕ ಮೀನು ಮಾರುವವರು. ಕಾಪು ಪೇಟೆಯಲ್ಲಿ ಅವರು "ಬೂತಾಯಿ ಮೀನು" ಎಂದು ಕೂಗಿದರೆ ಮಣಿಪಾಲದ ಬೆಕ್ಕುಗಳು ಎದ್ದು ಕೂರುತ್ತವೆ. ಅಂಥವರಿಗೆ ಎಂಥ ಹೆಸರಿಟ್ಟಿರಬಹುದು? ಎರಡು ದಿನ ಯೋಚಿಸಿ, ಕೆಂಪು ಬಣ್ಣದಲ್ಲಿ "ಸುಭಾಷಿಣಿ" ಎಂದು ಬರೆದು ಬಟ್ಟೆ ಹೊದೆಸಿದೆ.

ದೋಣಿ ನೀರಿಗಿಳಿಸುವ ಬೆಳಿಗ್ಗೆ ಜಿತೇಶ್ ಆ ಬಟ್ಟೆ ಎಳೆದ. ಬೇಬಿಯಕ್ಕ ತೆಂಗಿನಕಾಯಿ ಕಂಕುಳಲ್ಲಿಟ್ಟು ಅಕ್ಷರ ಕೂಡಿಸಿ ಓದಿದರು.

"ಇದು ಯಾರು ಜಿತ್ತು, ಸುಭಾಷಿಣಿ?"

ಜಿತೇಶನ ಮುಖ ಬಾಡಿತು. ಅವನು ನನ್ನತ್ತ ತಿರುಗಿದ.

"ಅದು ನಿಮ್ಮ ಜಾತಕದ ಹೆಸರು ಬೇಬಿಯಕ್ಕ. ನಿಮ್ಮ ಅಜ್ಜಿಯೇ ನನ್ನ ಕಿವಿಯಲ್ಲಿ ಹೇಳಿದ್ದು," ಎಂದೆ.

"ನೀನು ಹುಟ್ಟುವ ಮೊದಲೇ ಅಜ್ಜಿ ತೀರಿಹೋಗಿದ್ದಾರೆ! ನನ್ನ ಬಾಯಿಗೆ ಸುಭಾಷಿಣಿಯಾ? ತಮಾಷೆಗೆ ಬರೆದದ್ದಾ? ಹೇಳು ನೋಡುವ, ನನ್ನ ಹೆಸರೆಂತ?"

ದೋಣಿ ತಳ್ಳಲು ಬಂದವರೆಲ್ಲ ನನ್ನ ಬಾಯಿಯನ್ನೇ ನೋಡಿದರು. ಅವರಿಗೂ ಗೊತ್ತಿರಲಿಲ್ಲ.

"ಗೊತ್ತಿಲ್ಲ ಅಕ್ಕ," ಎಂದೆ. "ಮೂವತ್ತು ವರ್ಷ ನಿಮ್ಮ ಬುಟ್ಟಿಯ ಮೀನು ತಿಂದೆ, ಹೆಸರು ಕೇಳ್ಲಿಲ್ಲ. ಕೇಳಿದ್ರೆ ಮರ್ಯಾದೆ ಹೋಗ್ತದೆ ಅಂತ ಜಿತೇಶನ ಹತ್ರವೂ ಕೇಳ್ಲಿಲ್ಲ. ಇದು ನಾನು ಕಟ್ಟಿದ ಹೆಸರು."

ಬೇಬಿಯಕ್ಕ ನಗತೊಡಗಿದರು. ಆಮೇಲೆ, ಆ ದೊಡ್ಡ ಗಂಟಲಿನಿಂದ ನಾನೆಂದೂ ಕೇಳದಷ್ಟು ಮೆಲ್ಲಗೆ, "ವಾರಿಜಾ," ಎಂದರು.

ಥಿನ್ನರ್ ತಂದು ಒರೆಸಿದೆ. ಅವರು ಪಕ್ಕದಲ್ಲೇ ನಿಂತು ಒಂದೊಂದೇ ಅಕ್ಷರ ಹೇಳಿಕೊಟ್ಟರು, ನಾನು ಬರೆದೆ. ಬಣ್ಣ ಒಣಗುವ ತನಕ ಯಾರೂ ದೋಣಿ ಮುಟ್ಟಬಾರದೆಂದು ಅವರ ಅಪ್ಪಣೆಯಾಯಿತು. ಅಷ್ಟು ಹೊತ್ತೂ ನಾನು ತುಟಿ ಬಿಚ್ಚಲಿಲ್ಲ. ಇದು ಮಾತ್ರ ಸತ್ಯ.